ಮಕ್ಕಳ ಮೈಬೊಜ್ಜು: ಮನೆಯ ರೂಢಿಯೂ ಸರ್ಕಾರದ ಕಟ್ಟಳೆಯೂ

ನಮ್ಮ ಮೈಸೂರಿನ ಕಡೆ ಮಗುವನ್ನು ನೋಡಲು ಬಂದ ನೆಂಟರಿಷ್ಟರು ಮೊದಲು ಆಡುವ ಮಾತು ಅದರ ಮೈಯನ್ನು ಕುರಿತುದಾಗಿರುತ್ತದೆ. “ಮಗು ಮೈಕೈ ತುಂಬಿಕೊಂಡು ಗುಂಡಗಿದೆ, ದೃಷ್ಟಿ ತೆಗೆದು ಹಾಕಿರಿ” ಎಂದರೆ ತಾಯಿಯ ಮುಖವು ಅರಳುವುದು. “ಯಾಕಮ್ಮಾ, ಕೂಸು ಸೊರಗಿದೆಯಲ್ಲ” ಎಂದರೆ ಆಕೆಗೆ ಆ ರಾತ್ರಿ ನಿದ್ರೆ ಬಾರದು. ಹೀಗೆ ಮೈತುಂಬಿರುವುದನ್ನು ಸೌಭಾಗ್ಯದ ಗುರುತೆಂದು ಎಣಿಸಿದುದು ನಮ್ಮ ಹಿರಿಯರ ಅವಿವೇಕವೆಂದು ಹೇಳಲಾಗದು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಾಳುಗೆಡಹಿದ ಧಾತು ಈಶ್ವರ ಕ್ಷಾಮವನ್ನೂ, ಅದಾದ ಇಪ್ಪತ್ತು ವರ್ಷಗಳ ಮೇಲೆ ಬಂದೆರಗಿದ ಪ್ಲೇಗು ಮಾರಿಯನ್ನೂ ಕಣ್ಣಾರೆ ಕಂಡವರು ಅವರು. ಅಂಥ ಕಾಲದಲ್ಲಿ ಮೈಯಲ್ಲಿ ನಾಲ್ಕು ರಾತಲು ಹೆಚ್ಚಾಗಿದ್ದ ಮಗು ಬದುಕಿ ಉಳಿಯುತ್ತಿತ್ತು, ಬಡಕಲು ಮಗು ಮೊದಲು ಹೋಗುತ್ತಿತ್ತು. ಕಾಲವು ಬದಲಾಯಿತು. ಮಾತು ಮಾತ್ರ ಹಾಗೆಯೇ ನಿಂತಿದೆ.

ಎಷ್ಟು ಬದಲಾಯಿತೆಂಬುದಕ್ಕೆ ಎರಡು ಮೂರು ಅಂಕಿಗಳು ಸಾಕು. ಭಾರತದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಐದು ವರ್ಷಕ್ಕೆ ಒಳಪಟ್ಟ ಮಕ್ಕಳಲ್ಲಿ ಮಿತಿಮೀರಿ ತೂಕವುಳ್ಳವರು 2015–16ರಲ್ಲಿ ನೂರಕ್ಕೆ 2.1 ಆಗಿದ್ದು, 2019–21ರಲ್ಲಿ 3.4 ಆದರು. ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ಇಂಥವರು ನೂರಕ್ಕೆ 5 ಎಂದು 2016ರಿಂದ 2018ರವರೆಗೆ ನಡೆದ ಇನ್ನೊಂದು ರಾಷ್ಟ್ರೀಯ ಸಮೀಕ್ಷೆಯು ತಿಳಿಸಿತು. ಐದರಿಂದ ಹತ್ತೊಂಬತ್ತು ವಯಸ್ಸಿನ ಮಕ್ಕಳಲ್ಲಿ ತೂಕ ಸಾಲದವರಿಗಿಂತ ಬೊಜ್ಜಿನವರೇ ಲೋಕದಲ್ಲಿ ಹೆಚ್ಚಾದರೆಂದು ಯುನಿಸೆಫ್ ಸಂಸ್ಥೆಯವರು 2025ರಲ್ಲಿ ಪ್ರಕಟಿಸಿದರು. ನೂರಕ್ಕೆ ಐದು ಎಂಬುದು ಸಣ್ಣ ಸಂಖ್ಯೆಯಾಗಿ ಕಾಣಬಹುದು. ಆದರೆ ಇದು ಊರು ಹಳ್ಳಿ ಎಲ್ಲವನ್ನೂ ಸೇರಿಸಿ ತೆಗೆದ ಲೆಕ್ಕವೆಂಬುದನ್ನು ಮರೆಯಬಾರದು. ನಗರದ ಯಾವುದೇ ಶಾಲೆಯ ಬಾಗಿಲಲ್ಲಿ ಸಂಜೆ ನಾಲ್ಕು ಗಂಟೆಗೆ ಹತ್ತು ನಿಮಿಷ ನಿಂತವರಿಗೆ ಈ ವಿಷಯದಲ್ಲಿ ಸಮೀಕ್ಷೆ ಬೇಕಾಗುವುದಿಲ್ಲ.

ಇಷ್ಟನ್ನು ಓದಿದೊಡನೆ, “ಈಗಿನ ಮಕ್ಕಳು ತಿನ್ನುವುದು ಹೆಚ್ಚು, ಓಡಾಡುವುದು ಕಡಮೆ, ಇದರಲ್ಲಿ ಬರೆಯತಕ್ಕದ್ದೇನಿದೆ?” ಎಂದು ಕೆಲವರು ಕೇಳಬಹುದು. ಆ ಮಾತಿನಲ್ಲಿ ಅರ್ಧ ಸತ್ಯವುಂಟು. ಉಳಿದರ್ಧವು ನಮ್ಮ ಮಂಡಿ ಮೊಹಲ್ಲದಲ್ಲಿಯೇ ಬರೆದಿಟ್ಟ ಹಳೆಯ ಪುಸ್ತಕಗಳಿಂದ ಹೊರಬಿದ್ದಿತು. ಅದರ ಕಥೆಯು ಮೈಸೂರಿನವರಿಗೇ ಅಷ್ಟಾಗಿ ತಿಳಿಯದಿರುವುದರಿಂದ ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ.

ನಾವು ‘ಮಿಷನ್ ಆಸ್ಪತ್ರೆ’ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ವೆಸ್ಲಿಯನ್ ಮಿಷನ್ನಿನವರು ಹೆಂಗಸರಿಗಾಗಿಯೂ ಮಕ್ಕಳಿಗಾಗಿಯೂ 1906ರಲ್ಲಿ ತೆರೆದರು. ಈ ಸಂಚಿಕೆಯನ್ನು ಓದುವವರಲ್ಲಿ ಹಲವರು ಹುಟ್ಟಿದ್ದೂ ಅಲ್ಲಿಯೇ ಇರಬೇಕು. ಅಲ್ಲಿನ ಹೆರಿಗೆಯ ವಾರ್ಡಿನ ದಾದಿಯರು 1934ರಿಂದ ಒಂದು ನಿಯಮವನ್ನು ತಪ್ಪದೆ ಪಾಲಿಸಿದರು. ಹುಟ್ಟಿದ ಪ್ರತಿಯೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಈ ಮೂರನ್ನೂ, ತಾಯಿಯ ತೂಕವನ್ನೂ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಆ ಕಾಲಕ್ಕೆ ಹಿಂದೂದೇಶದಲ್ಲಿ ಹೀಗೆ ಬರೆದಿಟ್ಟ ಆಸ್ಪತ್ರೆಗಳು ಬಹು ವಿರಳ, ಬರೆದಿಟ್ಟುದನ್ನು ಗೆದ್ದಲಿಗೆ ಕೊಡದೆ ಕಾಪಾಡಿದ ಆಸ್ಪತ್ರೆಗಳು ಇನ್ನೂ ವಿರಳ. ಏತಕ್ಕಾಗಿ ಬರೆಯುತ್ತಿರುವೆವೆಂಬುದು ಆ ದಾದಿಯರಿಗೆ ತಿಳಿದಿತ್ತೋ ಇಲ್ಲವೋ, ರಾತ್ರಿ ಎರಡು ಗಂಟೆಗೆ ಹುಟ್ಟಿದ ಕೂಸನ್ನೂ ತೂಗಿ, ರಾತಲು ಔನ್ಸುಗಳ ಲೆಕ್ಕದಲ್ಲಿ ಬರೆದು ಮುಗಿಸಿಯೇ ಮಲಗುತ್ತಿದ್ದರು.

ಸುಮಾರು ಅರವತ್ತು ವರ್ಷ ಕಳೆದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು, ಅವರಲ್ಲಿ ಮುಖ್ಯವಾಗಿ ಡಾಕ್ಟರ್ ಕ್ಯಾರೊಲೈನ್ ಫಾಲ್ ಎಂಬ ವೈದ್ಯೆಯವರು, ಆಸ್ಪತ್ರೆಯವರೊಡನೆ ಸೇರಿ ಈ ರಿಜಿಸ್ಟರುಗಳನ್ನು ತೆರೆದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ವಾಸವಾಗಿದ್ದವರನ್ನು ಹುಡುಕಿ, 517 ಮಂದಿ ಗಂಡಸರು ಹೆಂಗಸರನ್ನು ಪರೀಕ್ಷಿಸಿದರು. ಹುಟ್ಟುವಾಗ ಐದೂವರೆ ರಾತಲು, ಎಂದರೆ ಎರಡೂವರೆ ಕಿಲೋ, ಅಥವಾ ಅದಕ್ಕೂ ಕಡಮೆ ಇದ್ದವರಲ್ಲಿ ನಡುವಯಸ್ಸು ದಾಟಿದಾಗ ನೂರಕ್ಕೆ ಹನ್ನೊಂದು ಮಂದಿಗೆ ಹೃದಯದ ರೋಗವಿತ್ತು. ಏಳು ರಾತಲು ಅಥವಾ ಅದಕ್ಕೆ ಮೇಲ್ಪಟ್ಟು ಇದ್ದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ ಇತ್ತು. ಇದನ್ನು 1996ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಸಕ್ಕರೆ ಕಾಯಿಲೆಯ ಲೆಕ್ಕವು ಬೇರೆ ಬಗೆಯಾಗಿ ಬಂದಿತು. ಉದ್ದದಲ್ಲಿ ಗಿಡ್ಡಾಗಿಯೂ ಆ ಉದ್ದಕ್ಕೆ ದಪ್ಪವಾಗಿಯೂ ಹುಟ್ಟಿದವರಲ್ಲಿ, ಸ್ಥೂಲ ತಾಯಂದಿರಿಗೆ ಹುಟ್ಟಿದವರಲ್ಲಿ ಅದು ಹೆಚ್ಚಾಗಿತ್ತು. ತಾಯಿಯ ಗರ್ಭದಲ್ಲಿ ಕಳೆದ ಒಂಬತ್ತು ತಿಂಗಳು ಐವತ್ತನೆಯ ವಯಸ್ಸಿನಲ್ಲಿ ಲೆಕ್ಕ ಕೇಳುತ್ತದೆಂಬುದು ಇದರಿಂದ ಕಂಡುಬಂದಿತು.

ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. 1997–98ರಲ್ಲಿ ಅದೇ ಆಸ್ಪತ್ರೆಗೆ ಬರುತ್ತಿದ್ದ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಿ, ಅವರ ಮಕ್ಕಳನ್ನು ಹುಟ್ಟಿದ ದಿನದಿಂದ ವರ್ಷ ವರ್ಷವೂ ಅಳೆಯುತ್ತ ಬಂದರು. ‘ಪಾರ್ಥೆನಾನ್ ಅಧ್ಯಯನ’ ಎಂದು ಇದಕ್ಕೆ ಹೆಸರು. ಮೈಸೂರಿನ ಡಾಕ್ಟರ್ ಕೃಷ್ಣವೇಣಿಯವರು ಇದರ ಫಲಗಳನ್ನು ಬರೆದವರಲ್ಲಿ ಮುಖ್ಯರು. ಆ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಗರ್ಭಕಾಲದ ಸಕ್ಕರೆ ಕಾಯಿಲೆಯಿತ್ತು. ಅವರ ಮಕ್ಕಳು ಹುಟ್ಟುವಾಗ ಇತರ ಮಕ್ಕಳಿಗಿಂತ ದಪ್ಪನಾಗಿದ್ದವು. ಒಂದು ವರ್ಷವಾಗುವಷ್ಟರಲ್ಲಿ ಆ ವ್ಯತ್ಯಾಸವು ಬಹುಮಟ್ಟಿಗೆ ಅಳಿಸಿಹೋಯಿತು; ಮನೆಯವರು ನೆಮ್ಮದಿಯಾಗಿ ಉಸಿರು ಬಿಡುವಂತಿತ್ತು. ಆದರೆ ಐದನೆಯ ವರ್ಷದಲ್ಲಿ ಅದು ಮರಳಿ ತೋರಿತು. ಅದೂ ಹೆಣ್ಣುಮಕ್ಕಳಲ್ಲಿ. ಅವರ ಬೆನ್ನಿನ ಮೇಲಣ, ತೋಳಿನ ಮೇಲಣ ಕೊಬ್ಬಿನ ಮಡಿಕೆ ದಪ್ಪವಾಗಿತ್ತು, ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿತ್ತು. ಒಂಬತ್ತೂವರೆ ವರ್ಷದಲ್ಲಿ ಪರೀಕ್ಷಿಸಿದಾಗ ಆ ಹುಡುಗಿಯರ ಬೊಜ್ಜು ಮುಂದುವರಿದಿತ್ತು. ಇನ್ಸುಲಿನ್ನಿಗೆ ಮೈ ಮಣಿಯದಿರುವ ದೋಷವು ಗಂಡುಮಕ್ಕಳಲ್ಲಿಯೂ ಕಾಣಿಸಿಕೊಂಡಿತು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ತಾಯಿಯ ರಕ್ತದ ಸಕ್ಕರೆಯು ಮಾಸಿನ ಮೂಲಕ ಗರ್ಭದ ಶಿಶುವಿಗೆ ಸಲೀಸಾಗಿ ಹರಿಯುತ್ತದೆ. ತಾಯಿಯ ಇನ್ಸುಲಿನ್ ಮಾತ್ರ ಹರಿಯುವುದಿಲ್ಲ. ಹೀಗೆ ಬಂದ ಹೆಚ್ಚಿನ ಸಕ್ಕರೆಯನ್ನು ಸಂಭಾಳಿಸುವುದಕ್ಕಾಗಿ ಶಿಶುವಿನ ಪುಟ್ಟ ಮೇದೋಜೀರಕ ಗ್ರಂಥಿಯು ತಾನೇ ಇನ್ಸುಲಿನ್ನನ್ನು ಅತಿಯಾಗಿ ಸುರಿಸುತ್ತದೆ. ಇನ್ಸುಲಿನ್ನಿನ ಕೆಲಸಗಳಲ್ಲಿ ಕೊಬ್ಬನ್ನು ಕೂಡಿಡುವುದೂ ಒಂದು. ಇನ್ನು ತಾಯಿಗೆ ಸಕ್ಕರೆ ಕಾಯಿಲೆ ಇಲ್ಲದ ಮನೆಗಳಲ್ಲಿಯೂ ನಮ್ಮ ನಾಡಿನ ಕೂಸುಗಳು ಒಂದು ವಿಚಿತ್ರ ಮೈಕಟ್ಟಿನಿಂದ ಹುಟ್ಟುತ್ತವೆಂದು ಮೈಸೂರಿನಲ್ಲಿಯೂ ಪುಣೆಯಲ್ಲಿಯೂ ಕಂಡಿದ್ದಾರೆ. ಇಂಗ್ಲೆಂಡಿನ ಕೂಸಿಗಿಂತ ನಮ್ಮ ಕೂಸು ತೂಕದಲ್ಲಿ ಕಡಮೆ, ಮಾಂಸಖಂಡದಲ್ಲಿ ಕಡಮೆ. ಬೆನ್ನಿನ ಕೊಬ್ಬಿನಲ್ಲಿ ಮಾತ್ರ ಕಡಮೆಯಿಲ್ಲ! ನೋಡುವುದಕ್ಕೆ ತೆಳ್ಳಗೆ, ಒಳಗೆ ಕೊಬ್ಬು. ಇಂಥ ಮಗುವಿಗೆ ಮುಂದೆ ಬೇಕರಿಯ ತಿಂಡಿಯೂ ಕುಳಿತ ಜೀವನವೂ ದೊರೆತರೆ ಏನಾಗುವುದೆಂಬುದನ್ನು ನಾನು ಬರೆಯಬೇಕಾದುದಿಲ್ಲ.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ. ಮಗುವಿನ ಬೊಜ್ಜು ಆ ಮಗುವಿನ ನಾಲಿಗೆಯ ಚಪಲದಿಂದ ಮಾತ್ರ ಬಂದುದಲ್ಲ, ಆದುದರಿಂದ ಮಗುವನ್ನು ಗದರಿಸಿ ಅದನ್ನು ಇಳಿಸುವುದೂ ಆಗದು. ಅದರ ಬೇರು ತಾಯಿಯಾಗುವವಳ ಮೈಯಲ್ಲಿದೆ, ಕೊಂಬೆಗಳು ಮನೆಯ ಅಡಿಗೆಮನೆಯಲ್ಲಿ, ಶಾಲೆಯ ವೇಳಾಪಟ್ಟಿಯಲ್ಲಿ, ಗೇಟಿನ ಎದುರಿನ ಅಂಗಡಿಯಲ್ಲಿ, ಡೆಲ್ಲಿಯಲ್ಲಿ ಹಾಕುವ ತೆರಿಗೆಯಲ್ಲಿ ಹರಡಿಕೊಂಡಿವೆ. ಹೆಣ್ಣುಮಕ್ಕಳ ಶಾಲೆಗೆ ಇದರಲ್ಲಿ ಯಾವ ಶಾಲೆಗೂ ಇಲ್ಲದ ಹೊಣೆಯುಂಟು. ಇಂದು ಎಂಟನೆಯ ತರಗತಿಯ ಬೆಂಚಿನ ಮೇಲೆ ಕುಳಿತಿರುವವಳ ಮೈಯಲ್ಲಿಯೇ ಮುಂದಿನ ತಲೆಮಾರಿನ ಮೈಯೂ ರೂಪುಗೊಳ್ಳುತ್ತಿದೆ.

ಹಳೆಯ ವಿದ್ಯಾರ್ಥಿನಿಯರಲ್ಲಿ ಹೊಸದಾಗಿ ಮದುವೆಯಾದವರಿಗೆ ಒಂದು ಮಾತು. ಗರ್ಭಿಣಿಯಾದವಳು ಮೊದಲ ಸಲ ವೈದ್ಯರಲ್ಲಿಗೆ ಹೋದಾಗಲೂ, ಮತ್ತೆ 24ರಿಂದ 28 ವಾರಗಳ ನಡುವೆಯೂ, 75 ಗ್ರಾಂ ಗ್ಲೂಕೋಸ್ ಕುಡಿದು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದೆಂದು ಸರ್ಕಾರದ ಸೂಚನೆಯೇ ಇದೆ. “ನಮ್ಮ ವಂಶದಲ್ಲಿ ಯಾರಿಗೂ ಇಲ್ಲ” ಎಂದು ಅತ್ತೆಯವರು ಹೇಳಿದ ಮಾತ್ರಕ್ಕೆ ಅದನ್ನು ಬಿಡಬೇಡಿರಿ. ಇಬ್ಬರ ಊಟ ಉಣ್ಣಬೇಕೆಂಬ ಉಪಚಾರವನ್ನೂ ನಯವಾಗಿ ತಪ್ಪಿಸಿಕೊಳ್ಳಿರಿ. ಹುಟ್ಟಿದ ಮಗುವಿಗೆ ಆರು ತಿಂಗಳವರೆಗೆ ಎದೆಹಾಲು ಹೊರತು ಬೇರೇನೂ ಬೇಕಾಗದು.

ಎದೆಹಾಲಿನ ಪ್ರಸ್ತಾಪ ಬಂದುದರಿಂದ ಕಟ್ಟಳೆಯ ಬಲವನ್ನು ತೋರಿಸುವ ಒಂದು ದೃಷ್ಟಾಂತವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎಮ್ಮೆಯ ಹಾಲಿನಿಂದ ಶಿಶು ಆಹಾರದ ಪುಡಿಯನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದುದು ನಮ್ಮ ಊರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾಲಯದಲ್ಲಿ. ತಾಯಿಯಿಲ್ಲದ ತಬ್ಬಲಿಗಳಿಗೆ ಅದು ಮಹೋಪಕಾರವೇ ಸರಿ. ಆದರೆ ಹಾಲುಪುಡಿಯ ವ್ಯಾಪಾರಿಗಳು ತಾಯಿಯುಳ್ಳ ಮಕ್ಕಳಿಗೂ ಅದನ್ನೇ ಹೊಗಳಿ ಮಾರತೊಡಗಿದರು. ದುಂಡುಮುಖದ ಮಗುವಿನ ಚಿತ್ರವಿದ್ದ ಆ ಡಬ್ಬಿಗಳನ್ನು ನಮ್ಮ ವಯಸ್ಸಿನವರು ಮರೆತಿರಲಾರರು. 1992ರಲ್ಲಿ ಭಾರತ ಸರ್ಕಾರವು ಶಿಶು ಹಾಲುಪುಡಿಯ ಜಾಹೀರಾತನ್ನೂ, ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವುದನ್ನೂ ಕಾಯಿದೆಯಿಂದ ನಿಷೇಧಿಸಿತು. ವಸ್ತುವನ್ನು ನಿಷೇಧಿಸಲಿಲ್ಲ, ಬಣ್ಣದ ಮಾತನ್ನು ನಿಷೇಧಿಸಿತು. ದೊಡ್ಡ ಮಕ್ಕಳ ತಿಂಡಿಯ ವಿಷಯದಲ್ಲಿ ಅಷ್ಟು ಧೈರ್ಯವು ಇನ್ನೂ ಬಂದಿಲ್ಲ.

ಇನ್ನು ಮನೆಯ ವಿಷಯ. ಮಗಳು ದಪ್ಪನಾಗಿದ್ದಾಳೆಯೇ ಇಲ್ಲವೇ ಎಂಬುದನ್ನು ನೆರೆಯವರ ಬಾಯಿಂದ ತಿಳಿಯಬೇಕಾಗಿಲ್ಲ. ಹಿಂದೂದೇಶದ ಮಕ್ಕಳಿಗೆಂದೇ ಶಿಶುವೈದ್ಯರ ಸಂಘದವರು 2015ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಪಟ್ಟಿಯುಂಟು. ಎತ್ತರ ತೂಕಗಳನ್ನು ಅದರೊಡನೆ ಹೋಲಿಸಿ ನೋಡುವಂತೆ ವೈದ್ಯರನ್ನು ಕೇಳಬಹುದು. ಮನೆಯಲ್ಲಿಯೇ ನೋಡುವುದಕ್ಕೆ ಒಂದು ದಾರವೇ ಸಾಕು. ಆರೇಳು ವರ್ಷ ದಾಟಿದ ಮಗುವಿನ ಎತ್ತರದಷ್ಟು ದಾರವನ್ನು ಕತ್ತರಿಸಿ, ಎರಡಾಗಿ ಮಡಿಚಿ, ಹೊಕ್ಕುಳಿಗೆ ಸ್ವಲ್ಪ ಮೇಲೆ ಸುತ್ತಬೇಕು. ತುದಿಗಳು ಕೂಡಿದರೆ ಚಿಂತೆಯಿಲ್ಲ, ಕೂಡದಿದ್ದರೆ ವೈದ್ಯರ ಸಲಹೆ ಬೇಕು. ಇನ್ನೊಂದು ಗುರುತನ್ನು ತಾಯಂದಿರು ಅನೇಕ ವೇಳೆ ತಪ್ಪು ತಿಳಿಯುತ್ತಾರೆ. ಹುಡುಗಿಯ ಕತ್ತಿನ ಹಿಂಭಾಗವು ಕಪ್ಪಾಗಿ ಒರಟಾಗಿರುವುದನ್ನು ಕಂಡು, “ಸರಿಯಾಗಿ ಸ್ನಾನ ಮಾಡುವುದಿಲ್ಲ” ಎಂದು ಬೈದು ಕಡಲೆಹಿಟ್ಟು ಹಾಕಿ ಉಜ್ಜುತ್ತಾರೆ. ಉಜ್ಜಿದರೆ ಅದು ಹೋಗದು. ಅದು ಕೊಳೆಯಲ್ಲ, ಇನ್ಸುಲಿನ್ನಿಗೆ ಮೈ ಮಣಿಯುತ್ತಿಲ್ಲವೆಂದು ಚರ್ಮವು ಕೊಡುವ ಸೂಚನೆ. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ರಾತ್ರಿ ಗೊರಕೆ ಹೊಡೆಯುವುದು ಇವನ್ನೂ ಇದರೊಡನೆಯೇ ಗಮನಿಸಬೇಕು.

ಬೆಳೆಯುವ ಮಗುವಿಗೆ ಉಪವಾಸ ಹಾಕಬಾರದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿತು. ದಪ್ಪನಾದವಳ ರಕ್ತದಲ್ಲಿ ಕಬ್ಬಿಣವು ತುಂಬಿರುವುದೆಂದು ಭಾವಿಸಲಾಗದು. ಬೊಜ್ಜೂ ಅಪೌಷ್ಟಿಕತೆಯೂ ಒಂದೇ ಮೈಯಲ್ಲಿ ಸಂಸಾರ ಹೂಡುವುದುಂಟು. ಬಹುಮಟ್ಟಿನ ಮಕ್ಕಳಲ್ಲಿ ತೂಕವನ್ನು ಇಳಿಸಬೇಕಾದುದೇ ಇಲ್ಲ. ಏರದಂತೆ ತಡೆದು ನಿಲ್ಲಿಸಿದರೆ ಎತ್ತರವು ಬೆಳೆದು ತೂಕವನ್ನು ಸರಿದೂಗಿಸಿಕೊಳ್ಳುತ್ತದೆ.

ತಡೆಯುವುದು ಎಲ್ಲಿಂದ? ನನ್ನ ಅಭಿಪ್ರಾಯದಲ್ಲಿ ಮೊದಲು ಕುಡಿಯುವ ಪದಾರ್ಥಗಳಿಂದ. ತಿಂದ ಅನ್ನವು ಹೊಟ್ಟೆಗೆ ತಿಳಿಯುತ್ತದೆ, ಕುಡಿದ ಸಕ್ಕರೆ ಅಷ್ಟಾಗಿ ತಿಳಿಯುವುದಿಲ್ಲ. 300 ಮಿಲಿಲೀಟರಿನ ಒಂದು ಬಾಟಲಿ ಕೋಲಾದಲ್ಲಿ ಮೂವತ್ತು ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರುತ್ತದೆ. ಎಂದರೆ ಆರು ಟೀ ಚಮಚಕ್ಕೂ ಮೇಲೆ. ದಿನದ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲಿಗಿಂತ ಕಡಮೆ, ಸಾಧ್ಯವಾದರೆ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಮೆ ಸಕ್ಕರೆಯಿಂದ ಬರಬೇಕೆಂದು ಲೋಕಾರೋಗ್ಯ ಸಂಸ್ಥೆಯವರು 2015ರಲ್ಲಿ ಹೇಳಿದರು. 1600 ಕ್ಯಾಲೊರಿ ಬೇಕಾದ ಹುಡುಗಿಗೆ ಈ ಇಪ್ಪತ್ತರಲ್ಲೊಂದು ಪಾಲೆಂದರೆ ನಾಲ್ಕೇ ಚಮಚ. ಬೆಳಗಿನ ಹಾಲಿಗೆ ಎರಡು, ಸಂಜೆಯ ಹಾಲಿಗೆ ಎರಡು ಹಾಕುವಷ್ಟರಲ್ಲಿ ಅದು ಮುಗಿಯಿತು. ಪೊಟ್ಟಣದ ಮಾವಿನ ರಸಕ್ಕೆ, ಬಿಸ್ಕತ್ತಿಗೆ, ಹಾಲಿಗೆ ಬೆರೆಸುವ ‘ಶಕ್ತಿಪುಡಿ’ಗೆ ಲೆಕ್ಕದಲ್ಲಿ ಎಡೆಯೇ ಇಲ್ಲ.

ನಮ್ಮ ಹಳೆಯ ಆಹಾರವೆಲ್ಲ ಅಮೃತವೆಂದು ಹೇಳುವವರ ಗುಂಪಿಗೆ ನಾನು ಸೇರಿದವಳಲ್ಲ. ಮೈಸೂರು ಪಾಕು ಹುಟ್ಟಿದ ಊರಿನಲ್ಲಿ ನಿಂತು ಹಾಗೆ ಹೇಳುವುದಕ್ಕೆ ಬಾಯಿ ಬಾರದು. ಬೆಲ್ಲವೂ ಸಕ್ಕರೆಯ ಅಕ್ಕನೇ; ರಾಗಿಯ ಗಂಜಿಗೆ ಮೂರು ಅಚ್ಚು ಬೆಲ್ಲ ಹಾಕಿ ಅದನ್ನು ಔಷಧವೆಂದು ಕುಡಿಸುವುದು ಆತ್ಮವಂಚನೆ. ಆದರೂ ರಾಗಿಯಲ್ಲಿ ಅಕ್ಕಿಯಲ್ಲಿಲ್ಲದ ನಾರೂ, ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು ಸುಣ್ಣಾಂಶವೂ ಇರುವುದು ನಿಜ. ಬೇಗ ಹಸಿವಾಗದು. ಸೊಪ್ಪಿನ ಸಾರು, ಮೊಳಕೆ ಕಟ್ಟಿದ ಹುರುಳಿ, ಒಂದು ಮೊಟ್ಟೆ, ಮಜ್ಜಿಗೆ, ಸೀಬೆಹಣ್ಣು ಇವುಗಳಿಗೆ ಹೆಚ್ಚು ಹಣವೂ ಬೇಡ. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟುವ ದಿನ ಅದರ ಜೊತೆಗೆ ಆಲೂಗಡ್ಡೆ ಚಿಪ್ಸಿನ ಬದಲು ಸೌತೆಕಾಯಿಯ ಕೋಸಂಬರಿಯನ್ನಿಟ್ಟರೆ ಆಯಿತು. ತಟ್ಟೆಯಲ್ಲಿ ಬಡಿಸಿದುದನ್ನೆಲ್ಲ ಮುಗಿಸಲೇಬೇಕೆಂಬ ಬಲವಂತವನ್ನು ಬಿಟ್ಟು, “ಸಾಕು” ಎಂದ ಮಗುವಿನ ಮಾತನ್ನು ನಂಬುವುದನ್ನು ನಾವು, ವಿಶೇಷವಾಗಿ ಅಜ್ಜಿಯರು, ಕಲಿಯಬೇಕು. ನಿದ್ರೆಯ ಮಾತನ್ನು ಸೇರಿಸಬೇಕು: ರಾತ್ರಿ ಹನ್ನೊಂದರವರೆಗೆ ಮೊಬೈಲು ಹಿಡಿದು ಎಚ್ಚರವಿರುವ ಮಗುವಿನ ಹಸಿವು ಮರುದಿನ ಮಿತಿ ಮೀರುವುದು.

ಆಟದ ವಿಷಯಕ್ಕೆ ಬಂದಾಗ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಈ ಶಾಲೆಗೆ ಬರುವುದಕ್ಕೆ ಮುಂಚೆ ಬೇರೊಂದು ಶಾಲೆಯಲ್ಲಿ ಹಲವು ವರ್ಷ ಗಣಿತವನ್ನು ಬೋಧಿಸುತ್ತಿದ್ದೆನು. ಹತ್ತನೆಯ ತರಗತಿಯವರ ಪರೀಕ್ಷೆ ಹತ್ತಿರವಾದಂತೆಲ್ಲ ದೈಹಿಕ ಶಿಕ್ಷಣದ ಉಪಾಧ್ಯಾಯಿನಿಯವರನ್ನು ಕಂಡು, “ನಿಮ್ಮ ಪೀರಿಯಡ್ಡನ್ನು ನನಗೆ ಕೊಡಿರಿ” ಎಂದು ಕೇಳುತ್ತಿದ್ದೆನು. ಆಕೆ ಒಮ್ಮೆಯೂ ಇಲ್ಲವೆನ್ನಲಿಲ್ಲ. ಇಲ್ಲವೆನ್ನುವ ಅಧಿಕಾರ ಆಕೆಗಿರಲಿಲ್ಲ. ಹೀಗೆ ಮೊದಲು ಜನವರಿ ತಿಂಗಳಲ್ಲಿ, ಆ ಮೇಲೆ ದಸರೆಯ ರಜೆ ಮುಗಿದಂದಿನಿಂದ, ಕೊನೆಗೆ ಜೂನಿನಿಂದಲೇ ಹತ್ತನೆಯ ತರಗತಿಯ ಹುಡುಗಿಯರು ಬಯಲನ್ನು ಕಿಟಕಿಯಿಂದ ನೋಡುವವರಾದರು. ಫಲಿತಾಂಶವು ಅದರಿಂದ ಎಷ್ಟು ಮೇಲೇರಿತೋ ನಾನರಿಯೆ. ನನಗೆ ಹೊಗಳಿಕೆ ಬಂದಿತು. ಐದರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯಾದರೂ ಏದುಸಿರು ಬರುವಂಥ ಚಟುವಟಿಕೆ ಬೇಕೆಂದು ಲೋಕಾರೋಗ್ಯ ಸಂಸ್ಥೆಯವರು 2020ರಲ್ಲಿ ಹೇಳಿದುದನ್ನು ಓದಿದಾಗ, ನಾನು ಕಸಿದುಕೊಂಡ ಗಂಟೆಗಳನ್ನು ಎಣಿಸಲು ಹೋಗಿ ಅರ್ಧದಲ್ಲಿ ಬಿಟ್ಟೆನು.

ಅದೇ ತರಗತಿಯಲ್ಲಿ ಒಬ್ಬ ಸ್ಥೂಲಕಾಯದ ಹುಡುಗಿಯಿದ್ದಳು. ಅವಳನ್ನು ಗೆಳತಿಯರು ‘ಡ್ರಮ್ಮು’ ಎಂದು ಕೂಗುತ್ತಿದ್ದರು. ಒಂದು ದಿನ ನನ್ನೆದುರಿಗೇ ಹಾಗೆ ಕೂಗಿದಾಗ ಅವಳೂ ನಕ್ಕಳು, ನಾನೂ ನಕ್ಕೆನು. ಅನಂತರ ಅವಳು ಸಾಲಿನಲ್ಲಿ ನಿಂತು ಕವಾಯತು ಮಾಡುವುದನ್ನು ಬಿಟ್ಟಳು. ಹೊಟ್ಟೆನೋವೆಂದು ಚೀಟಿ ತರುತ್ತಿದ್ದಳು. ಮಧ್ಯಾಹ್ನದ ಡಬ್ಬಿಯನ್ನು ತೆರೆಯದೆ ಹಾಗೆಯೇ ಮನೆಗೆ ಕೊಂಡೊಯ್ಯುತ್ತಿದ್ದಳೆಂದೂ, ಸಂಜೆ ಹಸಿವು ತಡೆಯಲಾರದೆ ಬೇಕರಿಯಲ್ಲಿ ಒಬ್ಬಳೇ ನಿಂತು ಎರಡು ಮೂರು ಪಫ್ಸ್ ತಿನ್ನುತ್ತಿದ್ದಳೆಂದೂ ಬಹಳ ತಡವಾಗಿ ತಿಳಿಯಿತು. ಆ ನಗೆಯಿಂದ ಅವಳ ತೂಕವು ಒಂದು ತೊಲದಷ್ಟೂ ಇಳಿಯಲಿಲ್ಲ. ಹೀಯಾಳಿಕೆಯು ಮಕ್ಕಳನ್ನು ಆಟದಿಂದ ಓಡಿಸಿ ತಿಂಡಿಯ ಕಡೆಗೆ ಅಟ್ಟುತ್ತದೆಂದು ಈಗ ಸಂಶೋಧಕರೂ ಹೇಳುತ್ತಾರೆ. ತರಗತಿಯ ಎದುರಿಗೆ ತೂಗುವುದು, ತೂಕವನ್ನು ಗಟ್ಟಿಯಾಗಿ ಓದುವುದು, ದಪ್ಪನೆಯವಳೆಂದು ಓಟದಲ್ಲಿ ಸೇರಿಸದಿರುವುದು, ಅಕ್ಕನ ಮೈಯನ್ನು ತಂಗಿಯ ಮೈಯೊಡನೆ ಹೋಲಿಸುವುದು ಇವನ್ನೆಲ್ಲ ಶಾಲೆಯಲ್ಲಿಯೂ ಮನೆಯಲ್ಲಿಯೂ ನಿಲ್ಲಿಸತಕ್ಕದ್ದು. ಪಂದ್ಯಗಳಲ್ಲಿ ಗೆಲ್ಲತಕ್ಕವರಿಗಾಗಿ ಮಾತ್ರ ಇರುವ ಬಯಲು ಬೇಡ. ಕುಂಟೆಬಿಲ್ಲೆ, ಹಗ್ಗದಾಟ, ಥ್ರೋಬಾಲ್ ಆಡುವುದಕ್ಕೆ ತೆಳ್ಳಗಿರಬೇಕೆಂಬ ನಿಯಮವೇನಿಲ್ಲ.

ಇಷ್ಟೆಲ್ಲವನ್ನೂ ಮಾಡಿ ಮಗಳನ್ನು ಶಾಲೆಗೆ ಕಳುಹಿಸಿದ ತಾಯಿಯ ಶ್ರಮವು ಗೇಟಿನ ಹೊರಗೆ ಐದು ನಿಮಿಷದಲ್ಲಿ ಕರಗಿಹೋಗಬಹುದು. ಐದು ರೂಪಾಯಿಯ ಚಿಪ್ಸಿನ ಪೊಟ್ಟಣವು ಯಾವ ಹಣ್ಣಿಗಿಂತಲೂ ಸುಲಭವಾಗಿ ಸಿಕ್ಕುವ ಬೀದಿಯಲ್ಲಿ ಹನ್ನೆರಡು ವರ್ಷದವಳಿಂದ ಸಂನ್ಯಾಸವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಇಲ್ಲಿಯೇ ಕಟ್ಟಳೆಯು ಬೇಕಾಗುವುದು. ಆಹಾರ ಸುರಕ್ಷತಾ ಪ್ರಾಧಿಕಾರದವರು 2020ರಲ್ಲಿ ಮಾಡಿದ ನಿಬಂಧನೆಯ ಪ್ರಕಾರ ಕೊಬ್ಬು, ಉಪ್ಪು, ಬೆರೆಸಿದ ಸಕ್ಕರೆ ಅತಿಯಾಗಿರುವ ಪದಾರ್ಥಗಳನ್ನು ಶಾಲೆಯ ಕ್ಯಾಂಟೀನಿನಲ್ಲಿಯೂ ಹಾಸ್ಟೆಲಿನ ಅಡಿಗೆಮನೆಯಲ್ಲಿಯೂ, ಗೇಟಿನಿಂದ ಯಾವ ದಿಕ್ಕಿಗಾದರೂ ಐವತ್ತು ಮೀಟರಿನೊಳಗೂ ಮಕ್ಕಳಿಗೆ ಮಾರಕೂಡದು. ಈ ನಿಬಂಧನೆ ಇರುವುದನ್ನು ಎಷ್ಟು ಮಂದಿ ತಂದೆತಾಯಿಗಳು ಬಲ್ಲರು? ಐವತ್ತು ಮೀಟರೆಂದರೆ ಸುಮಾರು ಎಪ್ಪತ್ತು ಹೆಜ್ಜೆ. ಯಾರು ಬೇಕಾದರೂ ನಡೆದು ಅಳೆಯಬಹುದು. ಅಳೆದ ಮೇಲೆ ಪೊಲೀಸರನ್ನು ಕರೆದು, ಬುಟ್ಟಿಯಲ್ಲಿ ಸೀಬೆಕಾಯಿ, ನೆಲ್ಲಿಕಾಯಿ, ಬೇಯಿಸಿದ ಕಡಲೆಕಾಯಿ ಮಾರುವ ಅಜ್ಜಿಯನ್ನು ಓಡಿಸಿ, ಗಾಜಿನ ಬಾಗಿಲಿನ ಅಂಗಡಿಯನ್ನು ಬಿಟ್ಟುಬಿಡುವ ಪಕ್ಷಕ್ಕೆ ಆ ನಿಬಂಧನೆಯೇ ಇಲ್ಲದಿರುವುದು ಮೇಲು. ನಿಷೇಧವು ಪದಾರ್ಥಕ್ಕೆ, ಬಡ ವ್ಯಾಪಾರಿಗೆ ಅಲ್ಲ.

ತೆರಿಗೆಯ ಸಂಗತಿಯನ್ನು ಸ್ವಲ್ಪ ವಿಚಾರಿಸೋಣ. ಮೆಕ್ಸಿಕೋ ದೇಶದವರು 2014ರಿಂದ ಸಿಹಿಪಾನೀಯದ ಲೀಟರೊಂದಕ್ಕೆ ಒಂದು ಪೆಸೊ ತೆರಿಗೆ ಹಾಕಿದರು. ಇಂಗ್ಲೆಂಡಿನವರು 2018ರಲ್ಲಿ ಇನ್ನೂ ಜಾಣತನ ಮಾಡಿದರು. ನೂರು ಮಿಲಿಲೀಟರಿನಲ್ಲಿ ಐದು ಗ್ರಾಮಿಗಿಂತ ಕಡಮೆ ಸಕ್ಕರೆಯಿದ್ದರೆ ತೆರಿಗೆಯಿಲ್ಲ, ಐದಕ್ಕೆ ಒಂದು ದರ, ಎಂಟು ದಾಟಿದರೆ ಹೆಚ್ಚಿನ ದರ. ತೆರಿಗೆ ಜಾರಿಗೆ ಬರುವುದರೊಳಗಾಗಿಯೇ ಅನೇಕ ತಯಾರಕರು ತಾವಾಗಿ ಸಕ್ಕರೆಯನ್ನು ಇಳಿಸಿದರು. ನಮ್ಮಲ್ಲಿ 2025ರ ಸೆಪ್ಟೆಂಬರಿನಿಂದ ಸೋಡಾ ತುಂಬಿದ ಸಿಹಿಪಾನೀಯಗಳಿಗೆ ನೂರಕ್ಕೆ ನಲವತ್ತು ತೆರಿಗೆಯಾಯಿತು. ಕೇಳುವುದಕ್ಕೆ ಕಠಿನವಾಗಿದೆ. ಆದರೆ ಅದರಲ್ಲಿ ಸಕ್ಕರೆ ಹೆಚ್ಚೋ ಕಡಮೆಯೋ ಎಂಬ ವಿಚಾರಣೆಯಿಲ್ಲ, ಆದುದರಿಂದ ಇಳಿಸಿದವನಿಗೆ ಲಾಭವೂ ಇಲ್ಲ. ಸೋಡಾ ಇಲ್ಲದ ಹಣ್ಣಿನ ರಸದ ಪೊಟ್ಟಣಕ್ಕೋ ಅದೇ ದಿನ ತೆರಿಗೆಯು ಹನ್ನೆರಡರಿಂದ ಐದಕ್ಕೆ ಇಳಿಯಿತು. ಸಕ್ಕರೆ ಬೆರೆಸಿದ್ದರೂ ಅಷ್ಟೇ. ಮಗುವಿನ ಮೈಗೆ ಸೋಡಾದ ಗುಳ್ಳೆಯಿಂದ ಬೊಜ್ಜು ಬರುವುದಿಲ್ಲವೆಂಬುದನ್ನು ಯಾರಾದರೂ ಮಂತ್ರಿಗಳಿಗೆ ತಿಳಿಸಬೇಕು. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಾದ ಪೊಟ್ಟಣದ ಮುಂದುಗಡೆ ಎಂಟು ಮೂಲೆಯ ಕಪ್ಪು ಮುದ್ರೆ ಒತ್ತುತ್ತಾರೆ. ಅಕ್ಷರ ಬಾರದ ಅಜ್ಜಿಗೂ ಅದು ತಿಳಿಯುವುದು. ನಮ್ಮ ಪೊಟ್ಟಣಗಳ ಹಿಂದೆ ಇರುವೆಯ ಗಾತ್ರದ ಇಂಗ್ಲಿಷಿನಲ್ಲಿ ಅಚ್ಚು ಹಾಕಿರುವ ಲೆಕ್ಕವನ್ನು ಗಣಿತ ಕಲಿಸಿದ ನಾನೇ ಕನ್ನಡಕ ಬದಲಿಸಿಕೊಂಡು ಓದಬೇಕಾಗಿದೆ.

ಸಿ.ಬಿ.ಎಸ್.ಇ. ಮಂಡಳಿಯವರು 2025ರ ಮೇ ತಿಂಗಳಲ್ಲಿ ತಮ್ಮ ಶಾಲೆಗಳಲ್ಲಿ ‘ಸಕ್ಕರೆ ಫಲಕ’ಗಳನ್ನು ತೂಗುಹಾಕುವಂತೆ ಹೇಳಿದರು; ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆಯಿದೆಯೆಂದು ಅದರಲ್ಲಿ ತೋರಿಸತಕ್ಕದ್ದು. ಅಂಥದೊಂದನ್ನು ಮಾಡುವುದಕ್ಕೆ ನಾವು ಯಾರ ಆಜ್ಞೆಗೂ ಕಾಯಬೇಕಾದುದಿಲ್ಲ. ಖಾಲಿ ಬಾಟಲಿಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮುಂದೆ ಅದರಲ್ಲಿದ್ದಷ್ಟು ಸಕ್ಕರೆಯನ್ನು ಬಟ್ಟಲಿನಲ್ಲಿ ತುಂಬಿಟ್ಟರೆ ವಿಜ್ಞಾನದ ಪಾಠವೂ ಆಯಿತು, ಗಣಿತದ ಪಾಠವೂ ಆಯಿತು. ಸರ್ಕಾರವು 2002ರಲ್ಲಿ ಆರಂಭಿಸಿದ ಅಕ್ಷರ ದಾಸೋಹದ ಬಿಸಿಯೂಟವನ್ನೂ, 2013ರಲ್ಲಿ ಆರಂಭಿಸ��ದ ಕ್ಷೀರಭಾಗ್ಯದ ಹಾಲನ್ನೂ, ಆ ಮೇಲೆ ಬಂದ ಮೊಟ್ಟೆಯನ್ನೂ ‘ಬಡಮಕ್ಕಳದು’ ಎಂದು ದೂರವಿಡುವ ತಂದೆತಾಯಿಗಳು ಈಗಲೂ ಉಂಟು. ಅನ್ನ ಸಾರು ತರಕಾರಿ ಮೊಟ್ಟೆಯ ಆ ತಟ್ಟೆಯು ಪಕ್ಕದ ಬೇಕರಿಯ ಯಾವ ತಟ್ಟೆಗಿಂತಲೂ ಮೇಲೆಂದು ನಾನು ಧೈರ್ಯವಾಗಿ ಬರೆಯುತ್ತೇನೆ.

ಕೊನೆಯದಾಗಿ ನನ್ನ ಹಳೆಯ ಸಾಲವನ್ನು ಸ್ವಲ್ಪವಾದರೂ ತೀರಿಸುವುದಕ್ಕಾಗಿ ಪೋಷಕರಲ್ಲಿ ಒಂದು ಬಿನ್ನಹ. ಮುಂದಿನ ಪೋಷಕರ ಸಭೆಗೆ ಬರುವಾಗ ಹತ್ತನೆಯ ತರಗತಿಯ ವೇಳಾಪಟ್ಟಿಯನ್ನು ಕೇಳಿ ನೋಡಿರಿ. ಅದರಲ್ಲಿ ಆಟದ ಪೀರಿಯಡ್ಡುಗಳು ಎಷ್ಟಿವೆಯೆಂದೂ, ಡಿಸೆಂಬರಿನಲ್ಲಿ ಅವು ನಿಜವಾಗಿ ನಡೆಯುವುವೇ ಎಂದೂ ವಿಚಾರಿಸಿರಿ. ಯಾರಾದರೂ ಗಣಿತದ ಉಪಾಧ್ಯಾಯಿನಿಯು ಅವನ್ನು ಕೇಳಿ ಪಡೆದಿದ್ದರೆ, ಆಕೆಯನ್ನು ಹೊಗಳದೆ, ಮರಳಿ ಕೊಡುವಂತೆ ಹೇಳಿರಿ.